ಕಟ್ಟಿದ ನುಡಿಯ ಮೇಲಿನ ಅಪವಾದಗಳು

ಅರಿಯದ ವಿದ್ಯೆಯನ್ನು ಕುರಿತು ಮನುಷ್ಯನು ಸಾಮಾನ್ಯವಾಗಿ ನಾಲಗೆಯನ್ನು ಬಿಗಿಹಿಡಿಯುತ್ತಾನೆ. ವೈದ್ಯವನ್ನರಿಯದವನು ರೋಗಿಯ ನಾಡಿ ಹಿಡಿದು ಮದ್ದು ಹೇಳುವದಿಲ್ಲ; ಒಕ್ಕಲುತನವನ್ನರಿಯದವನು ಕೂರಿಗೆ ಹಿಡಿದವನ ಹಿಂದೆ ನಿಂತು ಬುದ್ಧಿ ಹೇಳುವದಿಲ್ಲ. ಭಾಷೆಯ ವಿಷಯ ಬಂದೊಡನೆ ಮಾತ್ರ ಈ ಸಂಯಮವು ಎತ್ತಲೋ ಹಾರಿಹೋಗುತ್ತದೆ. ಒಂದು ಭಾಷೆಯ ಹತ್ತು ಶಬ್ದಗಳನ್ನೂ ಕೇಳದವನು ಅದು ಬಡಭಾಷೆಯೆಂದೂ, ಅದರಲ್ಲಿ ಕಾವ್ಯವು ಹುಟ್ಟದೆಂದೂ, ಅದನ್ನು ಕಲಿಯುವವರು ಹುಚ್ಚರೆಂದೂ ನಿಶ್ಶಂಕೆಯಿಂದ ತೀರ್ಪು ಕೊಡುತ್ತಾನೆ. ಇಂಥ ತೀರ್ಪಿಗೆ ನೂರಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಗುರಿಯಾಗಿ ನಿಂತಿರುವ ಭಾಷೆಯೆಂದರೆ ಎಸ್ಪೆರಾಂತೋ. ಅದರ ಮೇಲಿನ ಅಪವಾದಗಳಲ್ಲಿ ಯಾವವು ಸತ್ಯ, ಯಾವವು ಮಿಥ್ಯ, ಅವಕ್ಕೆ ಅದರ ಅಭಿಮಾನಿಗಳು ಕೊಡತಕ್ಕ ಉತ್ತರವೇನು, ಕೊಡಬಾರದ ಉತ್ತರವೇನು ಎಂಬುದನ್ನು ವಿವೇಚಿಸುವದು ಕನ್ನಡಿಗರಿಗೆ ಪರರ ಮನೆಯ ಪಂಚಾಯಿತಿಯಲ್ಲ. ಏಕೆಂದರೆ ಆ ಅಪವಾದಗಳಲ್ಲಿ ಅರ್ಧಕ್ಕೆ ಹೆಚ್ಚಿನವು ಒಂದಾನೊಂದು ಕಾಲಕ್ಕೆ ಮಲಪ್ರಭೆಯ ದಂಡೆಯಲ್ಲಿ ಕನ್ನಡದ ತಲೆಯ ಮೇಲೆಯೇ ಹೊರಿಸಲ್ಪಟ್ಟವುಗಳು. ಕೆಲವು ಇಂದಿಗೂ ಹೊರಿಸಲ್ಪಡುತ್ತಿರುವವು.

ಮೊದಲು ವಿಷಯದ ಪರಿಚಯವು ಅವಶ್ಯ. ಅಂದು ರಶಿಯನ್ ಸಾಮ್ರಾಜ್ಯಕ್ಕೆ ಸೇರಿ ಇಂದು ಪೋಲಂಡದಲ್ಲಿರುವ ಬ್ಯಾಲಿಸ್ತೋಕ್ ಎಂಬ ಊರಿನಲ್ಲಿ ೧೮೫೯ರಲ್ಲಿ ಲುದ್ವಿಕ್ ಜಾಮೆನ್‌ಹೋಫನು ಯಹೂದಿಯರ ಮನೆಯಲ್ಲಿ ಹುಟ್ಟಿದನು. ಆ ಊರಿನಲ್ಲಿ ರಶಿಯನರು, ಪೋಲರು, ಜರ್ಮನರು, ಯಹೂದಿಯರು ಎಂಬ ನಾಲ್ಕು ಪಂಗಡಗಳಿದ್ದು, ನಾಲ್ಕಕ್ಕೂ ನಾಲ್ಕು ಭಾಷೆಗಳಿದ್ದವು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಎಲ್ಲರಿಗೂ ಸಮವಾಗಿ ಪರಕೀಯವಾದ, ಆದುದರಿಂದಲೇ ಎಲ್ಲರಿಗೂ ಸಮವಾಗಿ ಸ್ವಕೀಯವಾಗಬಲ್ಲ ಒಂದು ನುಡಿಯಿದ್ದರೆ ಈ ಮನಸ್ತಾಪವು ತಗ್ಗಬಹುದೆಂದು ಅವನು ಬಾಲ್ಯದಲ್ಲಿಯೇ ನೆನೆದನು. ಮುಂದೆ ಕಣ್ಣಿನ ವೈದ್ಯನಾದ ಮೇಲೆ ೧೮೮೭ರಲ್ಲಿ ವಾರ್ಸಾ ಪಟ್ಟಣದಿಂದ ಒಂದು ಸಣ್ಣ ಪುಸ್ತಕವನ್ನು ಹೊರಡಿಸಿದನು. ಹದಿನಾರು ನಿಯಮಗಳ ವ್ಯಾಕರಣ, ೯೦೦ರಷ್ಟು ಧಾತುಗಳು, ಇವಿಷ್ಟೇ ಅದರ ಬಂಡವಾಳ. ಪುಸ್ತಕದ ಮೇಲೆ ತನ್ನ ಹೆಸರಿನ ಬದಲು ‘ಡಾಕ್ಟರ್ ಎಸ್ಪೆರಾಂತೋ’ ಎಂದು ಅಚ್ಚು ಮಾಡಿಸಿದನು. ಆ ಶಬ್ದಕ್ಕೆ ‘ಆಶಿಸುವವನು’ ಎಂದರ್ಥ. ಆ ಗುಪ್ತನಾಮವೇ ಭಾಷೆಗೆ ನಾಮಕರಣವಾಯಿತು. ಅವನು ಭಾಷೆಯ ಮೇಲಿನ ತನ್ನ ಸ್ವಾಮ್ಯವನ್ನು ಅಂದೇ ಬಿಟ್ಟುಕೊಟ್ಟನು. ೧೯೦೫ರಲ್ಲಿ ಫ್ರಾನ್ಸಿನ ಬುಲೋನ್ ಎಂಬಲ್ಲಿ ಪ್ರಥಮ ಜಾಗತಿಕ ಸಮ್ಮೇಳನವು ಜರುಗಿತು. ಈ ಭಾಷೆಯು ಯಾವ ಜನಾಂಗದ ಒಳಜೀವನದಲ್ಲಿಯೂ ಕೈಹಾಕುವದಿಲ್ಲ, ಯಾವ ದೇಶಭಾಷೆಯನ್ನೂ ಕಿತ್ತು ಅದರ ಸ್ಥಳದಲ್ಲಿ ಕೂಡುವದಿಲ್ಲ ಎಂಬ ಘೋಷಣೆಯು ಆ ಸಮ್ಮೇಳನದಲ್ಲಿಯೇ ಹೊರಟಿತು. ಈ ಘೋಷಣೆಯನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಖಂಡನಕಾರರಲ್ಲಿ ಬಹುಮಂದಿ ಅದನ್ನು ಓದಿದವರಲ್ಲ.

ಪ್ರಥಮ ಆಕ್ಷೇಪವು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಜನಪ್ರಿಯವಾದುದು. ಭಾಷೆಯೆಂಬುದು ಗಿಡದಂತೆ ಬೆಳೆಯತಕ್ಕದ್ದು. ಎಸ್ಪೆರಾಂತೋ ಒಬ್ಬ ಮನುಷ್ಯನು ಮೇಜಿನ ಮುಂದೆ ಕುಳಿತು ಕಟ್ಟಿದ್ದು. ಆದುದರಿಂದ ಅದು ಕೃತಕ, ನಿರ್ಜೀವ ಎಂಬುದು ಆಕ್ಷೇಪ. ಗಿಡದ ಉಪಮೆಯು ಕೇಳುವದಕ್ಕೆ ಇಂಪು. ಆದರೆ ಉಪಮೆಯು ಪ್ರಮಾಣವಲ್ಲ. ಮುನವಳ್ಳಿಯ ಮನೆಗಳಲ್ಲಿ ‘ಹೊಕ್ಕೇನಿ’ ಎನ್ನುವರು. ಮೈಸೂರಿನ ಮನೆಗಳಲ್ಲಿ ‘ಹೋಗ್ತೀನಿ’ ಎನ್ನುವರು. ‘ಹೋಗುತ್ತೇನೆ’ ಎಂದು ತಾಯಿಯ ಮುಂದೆ ನುಡಿಯುವ ಮಗುವು ಎರಡೂ ಕಡೆಯಲ್ಲಿ ಸಿಕ್ಕುವದು ದುರ್ಲಭ. ಆದರೂ ‘ಹೋಗುತ್ತೇನೆ’ ಎಂಬುದೇ ಗ್ರಂಥದ ಕನ್ನಡ. ಅದು ಯಾರ ಮನೆಯ ಮಾತೂ ಅಲ್ಲದುದರಿಂದಲೇ ಎಲ್ಲರ ಮಾತಾಗಿ ನಿಂತಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡನ್ನು ಬೊಟ್ಟು ಮಾಡಿ ತೋರಿಸುತ್ತದೆ. ಆ ಒಂಕುಂದವೇ ಬೈಲಹೊಂಗಲ ತಾಲೂಕಿನ, ಮಲಪ್ರಭೆಯ ದಂಡೆಯ ಇಂದಿನ ಒಕ್ಕುಂದವು. ಊರೂರಿಗೆ ಬೇರೆಯಾಗಿದ್ದ ಆಡುನುಡಿಗಳಲ್ಲಿ ಒಂದನ್ನು ಆಯ್ದು, ಇದು ಗ್ರಾಹ್ಯ ಇದು ತ್ಯಾಜ್ಯ ಎಂದು ಗೆರೆ ಎಳೆದದ್ದು ಗಿಡದ ಕೆಲಸವೇ? ಮನುಷ್ಯನ ಕೆಲಸವೇ? ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರಗಳನ್ನು ಕಟ್ಟಿದನು. ಅದೇ ಶತಮಾನದ ಆಂಡಯ್ಯನು ಸಂಸ್ಕೃತದ ತತ್ಸಮಗಳನ್ನು ಬೇಕೆಂದೇ ದೂರವಿಟ್ಟು ಒಂದು ಕಾವ್ಯವನ್ನೇ ಬರೆದನು. ಇವರೂ ಕುಳಿತು ಕಟ್ಟಿದವರೇ.

ಕನ್ನಡಕ್ಕೆ ಬೇರು ಉಂಟು, ಎಸ್ಪೆರಾಂತೋಗೆ ಬೇರಿಲ್ಲ ಎಂದು ಆಕ್ಷೇಪಕರು ಹೇಳಬಹುದು. ಈ ಭೇದವು ನಿಜವೇ. ಅದನ್ನು ಮುಚ್ಚಿಡುವದು ಸಲ್ಲದು. ಗ್ರಂಥದ ಕನ್ನಡವು ಆಡುನುಡಿಯ ಬುಡದ ಮೇಲೆ ಕಸಿಮಾಡಿದ ಟೊಂಗೆ. ಎಸ್ಪೆರಾಂತೋ ಹಲವು ಗಿಡಗಳ ಟೊಂಗೆಗಳನ್ನು ತಂದು ಹೊಸ ಮಡಿಯಲ್ಲಿ ನೆಟ್ಟದ್ದು. ಆದರೆ ನೆಟ್ಟದ್ದು ನಾಟಿತೇ ಇಲ್ಲವೇ ಎಂಬುದೊಂದೇ ವಿಚಾರಿಸತಕ್ಕ ಪ್ರಶ್ನೆ. ನಾರ್ವೇ ದೇಶದಲ್ಲಿ ಈವಾರ್ ಓಸೆನ್ ಎಂಬ ಪಂಡಿತನು ಹತ್ತೊಂಬತ್ತನೆಯ ಶತಮಾನದಲ್ಲಿ ಹಳ್ಳಿಗಳ ನುಡಿಗಳನ್ನು ಕೂಡಿಸಿ ಒಂದು ಬರಹದ ಭಾಷೆಯನ್ನು ಕಟ್ಟಿದನು. ಇಂದು ಅದು ಆ ದೇಶದ ಎರಡು ಅಧಿಕೃತ ಬರಹಭಾಷೆಗಳಲ್ಲೊಂದು. ನೂರಾರು ವರ್ಷಗಳಿಂದ ಮನೆಮಾತಾಗಿರದಿದ್ದ ಹೀಬ್ರೂವನ್ನು ಯಹೂದಿಯರು ಮತ್ತೆ ಮಕ್ಕಳ ಬಾಯಿಗೆ ತಂದರು. ಎಸ್ಪೆರಾಂತೋವನ್ನು ತಂದೆತಾಯಿಯರಿಂದ ಮೊದಲ ನುಡಿಯಾಗಿ ಕಲಿತ ಮಕ್ಕಳೂ ಲೋಕದಲ್ಲಿ ಇದ್ದಾರೆ. ಮಗುವು ಅಳುವದಕ್ಕೂ ನಗುವದಕ್ಕೂ ಉಪಯೋಗಿಸುವ ಭಾಷೆಯನ್ನು ನಿರ್ಜೀವವೆನ್ನುವದು ಯಾವ ನ್ಯಾಯ?

ಎರಡನೆಯ ಆಕ್ಷೇಪ: ಅದರಲ್ಲಿ ಸಾಹಿತ್ಯವಿಲ್ಲ. ಈ ಮಾತು ಬೆಳಗಾವಿ ಸೀಮೆಯ ಕನ್ನಡಿಗರ ಕಿವಿಗೆ ಹೊಸದಾಗಬಾರದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮುಂಬಯಿ ಆಧಿಪತ್ಯದ ಕನ್ನಡ ಸೀಮೆಗಳಲ್ಲಿಯೂ ಸರಕಾರೀ ಶಾಲೆಯೆಂದರೆ ಮರಾಠೀ ಶಾಲೆ. ರಾಮದುರ್ಗ ಮೊದಲಾದ ಸಂಸ್ಥಾನಗಳ ಕಚೇರಿಗಳಲ್ಲಿ ಮರಾಠಿಯೂ ಮೋಡಿ ಲಿಪಿಯೂ ನಡೆಯುತ್ತಿದ್ದವು. ಪಂಪ ರನ್ನರ ನುಡಿಗೆ ಅದರ ಸ್ವಂತ ನೆಲದಲ್ಲಿಯೇ ಶಾಲೆಯ ಬಾಗಿಲು ತೆರೆದಿರಲಿಲ್ಲ. ಅದಕ್ಕೆ ಉತ್ತರವನ್ನು ಡೆಪ್ಯುಟಿ ಚನ್ನಬಸಪ್ಪನವರು ಬೈಗುಳದಿಂದ ಕೊಡಲಿಲ್ಲ. ಕನ್ನಡ ಶಾಲೆಗಳನ್ನು ತೆರೆಯಿಸಿ, ಪುಸ್ತಕಗಳನ್ನು ಬರೆದು ಬರೆಯಿಸಿ ಕೊಟ್ಟರು. ೧೮೯೦ರಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದ್ದೂ ಇದೇ ಮಾರ್ಗದ ಉತ್ತರವು. ಸಾಹಿತ್ಯವಿಲ್ಲವೆಂಬ ಆಕ್ಷೇಪಕ್ಕೆ ಸಾಹಿತ್ಯವೇ ಉತ್ತರ; ಬೇರೆ ಉತ್ತರವು ಹಿಂದೆಯೂ ಇರಲಿಲ್ಲ, ಇಂದೂ ಇಲ್ಲ.

ಎಸ್ಪೆರಾಂತೋದ ಪೂರ್ವಿಕರು ಈ ಗುಟ್ಟನ್ನು ಬಲ್ಲವರಾಗಿದ್ದರು. ಜಾಮೆನ್‌ಹೋಫನು ೧೮೯೪ರಲ್ಲಿಯೇ ಶೇಕ್ಸ್‌ಪಿಯರನ ಹ್ಯಾಮ್ಲೆಟ್ಟನ್ನು ತನ್ನ ನುಡಿಗೆ ತಿರುಗಿಸಿದನು. ಹಳೆಯ ಒಡಂಬಡಿಕೆಯನ್ನೆಲ್ಲ ಅನುವಾದಿಸಿದನು. ಬೈಬಲನ್ನೂ ಶೇಕ್ಸ್‌ಪಿಯರನನ್ನೂ ಹೊತ್ತು ನಿಲ್ಲಬಲ್ಲ ಭಾಷೆಯು ಆಟದ ಸಾಮಾನಲ್ಲವೆಂಬುದನ್ನು ತೋರಿಸುವ ಪಣ ಅದು. ಆಮೇಲೆ ಹಂಗೇರಿಯ ಕಾಲೊಚಾಯ್ ಮೊದಲಾದ ಕವಿಗಳು ಅದರಲ್ಲಿ ಸ್ವತಂತ್ರ ಕಾವ್ಯವನ್ನು ಬೆಳೆಯಿಸಿದರು. ಸ್ಕಾಟ್ಲಂಡಿನ ವಿಲಿಯಂ ಆಲ್ಡನ ದೀರ್ಘಕಾವ್ಯವು ೧೯೫೬ರಲ್ಲಿ ಪ್ರಕಟವಾಯಿತು. ಭಾರತದವರೂ ಹೊರಗುಳಿಯಲಿಲ್ಲ: ಬಂಗಾಲದ ಲಕ್ಷ್ಮೀಶ್ವರ ಸಿನ್ಹಾ ಅವರು ರವೀಂದ್ರನಾಥರ ಕಥೆಗಳನ್ನು ಆ ಭಾಷೆಗೆ ಕೊಟ್ಟರು. ಇದೆಲ್ಲವೂ ಸೇರಿ ಕನ್ನಡದ ಸಾವಿರ ವರ್ಷಗಳ ರಾಶಿಗೆ ಸಮವಾಗುವದೇ ಎಂದು ಕೇಳಿದರೆ, ಆಗದು. ಆದರೆ ಸಾಹಿತ್ಯವೇ ಇಲ್ಲವೆಂಬುದು ಬೇರೆ, ಇನ್ನೂ ಎಳೆಯ ಸಾಹಿತ್ಯವೆಂಬುದು ಬೇರೆ. ಮೊದಲನೆಯದು ಸುಳ್ಳು, ಎರಡನೆಯದು ವಯಸ್ಸಿನ ಮಾತು.

ಮೂರನೆಯ ಆಕ್ಷೇಪವು ಎಣಿಕೆಯದು. ಎಷ್ಟು ಜನರು ಅದನ್ನಾಡುತ್ತಾರೆ? ಬೆರಳೆಣಿಕೆಯ ಜನರ ಭಾಷೆಗೆ ಇಷ್ಟು ಆರ್ಭಟವೇಕೆ? ಇಲ್ಲಿ ಎಸ್ಪೆರಾಂತೋ ಅಭಿಮಾನಿಗಳದೇ ಒಂದು ತಪ್ಪುಂಟು. ಅಂದಾಜುಗಳು ಕೆಲವು ಹತ್ತುಸಾವಿರಗಳಿಂದ ಹಿಡಿದು ಇಪ್ಪತ್ತು ಲಕ್ಷದವರೆಗೆ ಹರಡಿವೆ. ವಾದಕ್ಕೆ ನಿಂತವರು ಯಾವಾಗಲೂ ದೊಡ್ಡ ಸಂಖ್ಯೆಯನ್ನೇ ಎತ್ತಿ ಹಿಡಿಯುವರು. ಎಣಿಸದೆ ಹೇಳಿದ ಸಂಖ್ಯೆಯು ಎದುರಾಳಿಯ ಕೈಗೆ ಕೊಟ್ಟ ಬಡಿಗೆಯೆಂಬುದನ್ನು ಅವರು ಮರೆಯುವರು. ಅಲ್ಲದೆ ಸಂಖ್ಯೆಯೇ ಯೋಗ್ಯತೆಯ ಅಳತೆಯೆಂದು ಒಪ್ಪಿಕೊಂಡರೆ ವಾದವನ್ನು ಅಲ್ಲಿಗೇ ಸೋತಂತೆ. ೨೦೧೧ರ ಜನಗಣತಿಯಲ್ಲಿ ಸಂಸ್ಕೃತವು ಮಾತೃಭಾಷೆಯೆಂದು ಬರೆಯಿಸಿದವರು ೨೪,೮೨೧ ಜನರು. ಆದರೂ ಅದು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ಪಡೆದಿದೆ. ತುಳುವನ್ನು ಹಾಗೆ ಬರೆಯಿಸಿದವರು ಹದಿನೆಂಟು ಲಕ್ಷಕ್ಕೆ ಮೀರಿದವರು. ಅದಕ್ಕೆ ಆ ಸ್ಥಾನವು ದೊರೆತಿಲ್ಲ. ಸಂಖ್ಯೆಯು ಎಲ್ಲವನ್ನೂ ನಿರ್ಣಯಿಸುವದಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ದೃಷ್ಟಾಂತವು ಬೇಕಿಲ್ಲ.

ಎಣಿಕೆಯ ಮಾತು ಬಂದುದರಿಂದ ಇನ್ನೊಂದು ಎಣಿಕೆಯನ್ನೂ ಇಲ್ಲಿಯೇ ಹೇಳಬಹುದು. ಅಂತರಜಾಲದ ಸ್ವತಂತ್ರ ವಿಶ್ವಕೋಶವಾದ ವಿಕಿಪೀಡಿಯಾದಲ್ಲಿ ಎಸ್ಪೆರಾಂತೋದ ಲೇಖನಗಳು ಮೂರು ಲಕ್ಷವನ್ನು ಮೀರಿವೆ. ೨೦೧೧ರ ಗಣತಿಯಂತೆ ೪ ಕೋಟಿ ೩೭ ಲಕ್ಷ ಜನರ ಮಾತೃಭಾಷೆಯಾದ ಕನ್ನಡದಲ್ಲಿ ಅವು ಐವತ್ತು ಸಾವಿರವನ್ನೂ ಮುಟ್ಟಿಲ್ಲ. ಲೇಖನಗಳ ಸಂಖ್ಯೆಯಿಂದ ಗುಣವು ತಿಳಿಯದೆಂಬುದು ಸರಿ. ಆದರೆ ಒಂದು ಹಿಡಿ ಜನರು ಸಂಬಳವಿಲ್ಲದೆ, ಸರಕಾರವಿಲ್ಲದೆ, ತಮ್ಮ ನುಡಿಗಾಗಿ ಕುಳಿತು ಬರೆಯುತ್ತಿರುವಾಗ, ಕೋಟಿಗಟ್ಟಲೆ ಜನರ ನುಡಿಯವರು ಅವರನ್ನು ನೋಡಿ ನಗುವದು ಶೋಭಿಸುವದಿಲ್ಲ. ಕುಣಿಯಲಾರದವಳು ಅಂಗಳ ಡೊಂಕೆಂದಳೆಂಬ ಗಾದೆಯು ಇಂಥವರಿಗಾಗಿಯೇ ಹುಟ್ಟಿರಬೇಕು.

ನಾಲ್ಕನೆಯ ಆಕ್ಷೇಪವು ವ್ಯಾಕರಣಕ್ಕೆ ಸಂಬಂಧಿಸಿದ್ದು. ಇದರಲ್ಲಿ ಹುಸಿಯೂ ದಿಟವೂ ಬೆರೆತಿವೆ. ಇಂಗ್ಲಿಷರು ಮೊದಲಿನಿಂದಲೂ ಮಾಡುವ ದೂರೆಂದರೆ, ಕರ್ಮಪದದ ಕೊನೆಗೆ ‘ನ್’ ಎಂಬ ಅಕ್ಷರವನ್ನು ಹಚ್ಚಬೇಕೆಂಬ ನಿಯಮವು ಅನಾವಶ್ಯಕವಾದ ಹೊರೆ ಎಂಬುದು. ‘ಲಾ ಹುಂದೋ ಮೋರ್ದಿಸ್ ಲಾ ಕಾತೋನ್’ ಎಂದರೆ ನಾಯಿಯು ಬೆಕ್ಕನ್ನು ಕಚ್ಚಿತು. ಪದಗಳನ್ನು ತಿರುಗಿಸಿ ‘ಲಾ ಕಾತೋನ್ ಮೋರ್ದಿಸ್ ಲಾ ಹುಂದೋ’ ಎಂದರೂ ಕಚ್ಚಿದ್ದು ನಾಯಿಯೇ. ಇಂಗ್ಲಿಷಿನಲ್ಲಿ ಹೀಗೆ ತಿರುಗಿಸಿದರೆ ಬೆಕ್ಕೇ ನಾಯಿಯನ್ನು ಕಚ್ಚುವದು. ‘ಬೆಕ್ಕನ್ನು ನಾಯಿ ಕಚ್ಚಿತು’ ಎಂದು ಎರಡನೆಯ ವಿಭಕ್ತಿಯ ಬಲದಿಂದ ಪದಗಳನ್ನು ಬೇಕಾದಂತೆ ಕೂಡಿಸುವ ಕನ್ನಡ ಬಾಲಕನಿಗೆ ಇದರಲ್ಲಿ ಕಾಣುವ ಕಷ್ಟವಾವುದು? ಪ್ರತ್ಯಯಗಳಿಂದ ಪದಗಳನ್ನು ಕಟ್ಟುವ ರೀತಿಯೂ ಹಾಗೆಯೇ. ‘ಸಾನಾ’ ಎಂದರೆ ಆರೋಗ್ಯವುಳ್ಳ. ‘ಮಾಲ್‌ಸಾನಾ’ ಎಂದರೆ ರೋಗವುಳ್ಳ. ‘ಮಾಲ್‌ಸಾನುಲೋ’ ಎಂದರೆ ರೋಗಿ. ‘ಮಾಲ್‌ಸಾನುಲೇಯೋ’ ಎಂದರೆ ಆಸ್ಪತ್ರೆ. ಹಾಡು, ಹಾಡುಗಾರ, ಹಾಡುಗಾರಿಕೆ ಎಂದು ಒಂದರ ಬೆನ್ನಿಗೆ ಒಂದನ್ನು ಪೋಣಿಸುವ ಕನ್ನಡಿಗನಿಗೆ ಇದು ಪರಿಚಿತವಾದ ಮನೆಯೇ. ಬರೆದಂತೆ ಓದುವದು, ಓದಿದಂತೆ ಬರೆಯುವದು ಎಂಬ ಗುಣವೂ ಎರಡಕ್ಕೂ ಸಮಾನ. ‘ದೋ’, ‘ಟಫ್’, ‘ಥ್ರೂ’ ಎಂಬ ಮೂರು ಇಂಗ್ಲಿಷ ಶಬ್ದಗಳ ಕೊನೆಯ ನಾಲ್ಕಕ್ಷರಗಳು ಒಂದೇ ಆಗಿದ್ದು ಉಚ್ಚಾರವು ಮೂರು ಬಗೆಯೆಂಬುದನ್ನು ಬಾಯಿಪಾಠ ಮಾಡಿದ ಹುಡುಗನು ಈ ಗುಣದ ಬೆಲೆಯನ್ನು ಬಲ್ಲನು.

ದಿಟವಾದ ದೋಷಗಳೂ ಉಂಟು. ನಾಮಪದವು ಬಹುವಚನವಾದರೆ ಅದರ ವಿಶೇಷಣವೂ ಬಹುವಚನವಾಗಬೇಕೆಂಬ ನಿಯಮವು ವ್ಯರ್ಥವಾದುದು. ‘ಚೆಲುವ ಹೂ, ಚೆಲುವ ಹೂಗಳು’ ಎಂದು ಸಾವಿರ ವರ್ಷ ನಡೆದು ಬಂದ ಕನ್ನಡವೇ ಅದಕ್ಕೆ ಸಾಕ್ಷಿ. ತಂದೆಗೆ ‘ಪಾತ್ರೋ’ ಎಂದೂ, ಅದಕ್ಕೆ ಸ್ತ್ರೀಪ್ರತ್ಯಯವನ್ನು ಹಚ್ಚಿ ತಾಯಿಗೆ ‘ಪಾತ್ರಿನೋ’ ಎಂದೂ ಕರೆಯುವದು ತಾಯಿಯನ್ನು ತಂದೆಯ ಬಾಲವನ್ನಾಗಿ ಮಾಡಿದಂತೆ. ಗೌಡ ಗೌಡತಿ, ಒಕ್ಕಲಿಗ ಒಕ್ಕಲಗಿತ್ತಿ ಎಂಬ ರೂಢಿಯು ಕನ್ನಡದಲ್ಲಿಯೂ ಇದ್ದರೂ, ತಾಯಿಗೆ ತನ್ನದೇ ಆದ ಶಬ್ದವನ್ನು ಕೊಡದಷ್ಟು ಬಡತನವು ಅದಕ್ಕೆ ಬಂದಿಲ್ಲ. ಟೊಪ್ಪಿಗೆಯಿಟ್ಟ ಅಕ್ಷರಗಳು ಅಚ್ಚುಕೂಟದವರನ್ನು ಬಹುಕಾಲ ಕಾಡಿದವು. ಇವನ್ನು ತಿದ್ದಬೇಕೆಂದು ಹೊರಟವರು ೧೯೦೭ರಲ್ಲಿ ಇದೋ ಎಂಬ ಬೇರೊಂದು ಭಾಷೆಯನ್ನೇ ಹುಟ್ಟಿಸಿದರು. ಮೂಲವು ಉಳಿದು ಬೆಳೆಯಿತು, ತಿದ್ದುಪಡಿಯು ಬಡವಾಯಿತು. ಭಾಷೆಯನ್ನು ಉಳಿಸುವದು ಸೂತ್ರದ ಪರಿಪೂರ್ಣತೆಯಲ್ಲ, ಆಡುವವರ ನಿಷ್ಠೆ ಎಂಬ ತತ್ತ್ವವು ಇದರಿಂದ ತಿಳಿಯುವದು.

ಐದನೆಯ ಆಕ್ಷೇಪವು ಎಲ್ಲಕ್ಕಿಂತ ಬಲವಾದುದು. ಏಷ್ಯಾ ಖಂಡದವರು ಇದನ್ನು ಎತ್ತತಕ್ಕದ್ದೇ. ವಿಶ್ವಭಾಷೆಯೆಂದು ಕರೆಯಿಸಿಕೊಳ್ಳುವ ಈ ನುಡಿಯ ಶಬ್ದಭಂಡಾರವು ಹೆಚ್ಚಾಗಿ ಲ್ಯಾಟಿನ್, ಫ್ರೆಂಚ, ಜರ್ಮನ್ ಮೂಲಗಳಿಂದ ಬಂದುದು. ಇಟಲಿಯವನಿಗೆ ಅದರ ಅರ್ಧ ಶಬ್ದಗಳು ಕಲಿಯುವದಕ್ಕೆ ಮುಂಚೆಯೇ ಗೊತ್ತು. ಸವದತ್ತಿಯವನಿಗೆ ಎಲ್ಲವೂ ಹೊಸವು. ಇದು ಸಮತೆಯೇ? ಅಲ್ಲ. ಇದಕ್ಕೆ ಕೆಲವರು, ‘ಏಷ್ಯದ ಭಾಷೆಗಳಂತೆ ಪ್ರತ್ಯಯಗಳನ್ನು ಜೋಡಿಸುವ ರಚನೆಯು ಇದರಲ್ಲಿದೆ, ಆದುದರಿಂದ ಸಮತೆಯಿದೆ’ ಎಂದು ಉತ್ತರ ಕೊಡುವದುಂಟು. ಅದು ಅರ್ಧ ಉತ್ತರ. ರಚನೆಯು ಹತ್ತಿರವಾದರೆ ಶಬ್ದವು ಹತ್ತಿರವಾಗುವದಿಲ್ಲ. ಪ್ರಾಮಾಣಿಕ ಉತ್ತರವು ಹೀಗಿರತಕ್ಕದ್ದು: ‘ಪಕ್ಷಪಾತವುಂಟು, ಒಪ್ಪಿದೆವು. ಪೂರ್ಣ ನ್ಯಾಯವು ಈ ಭಾಷೆಯಲ್ಲಿಲ್ಲ; ಇರುವ ಅನ್ಯಾಯಗಳಲ್ಲಿ ಇದು ಕಿರಿದು. ಇಂಗ್ಲಿಷನ್ನು ಕಲಿತವನು ಎಷ್ಟೇ ದುಡಿದರೂ ಅದು ಇಂಗ್ಲಿಷನ ಅಂಗಳ. ಅಲ್ಲಿ ಅವನ ತಪ್ಪಿಗೆ ನಗುವ ಹಕ್ಕು ಮನೆಯವನಿಗುಂಟು. ಎಸ್ಪೆರಾಂತೋದಲ್ಲಿ ಬಹುತೇಕ ಎಲ್ಲರೂ ಕಲಿತು ಬಂದವರು. ಬಾಗಿಲಲ್ಲಿ ನಿಂತು ಜಾತಿ ಕೇಳುವ ಯಜಮಾನನಿಲ್ಲ.’ ಚೀನ, ಜಪಾನ, ವಿಯೆತ್ನಾಮ ದೇಶಗಳಲ್ಲಿ ಅದಕ್ಕೆ ಶ್ರದ್ಧಾವಂತರು ಹುಟ್ಟಿದ್ದು, ೨೦೦೮ರಲ್ಲಿ ಏಷ್ಯಾ ಖಂಡದ ಎಸ್ಪೆರಾಂತೋ ಸಮ್ಮೇಳನವು ಬೆಂಗಳೂರಿನಲ್ಲಿಯೇ ನೆರೆದದ್ದು ಈ ಕಾರಣದಿಂದಲೇ ಇರಬೇಕು.

ಆರನೆಯದು, ‘ಇದು ಸೋತ ಪ್ರಯತ್ನ’ ಎಂಬ ಮಾತು. ಸೋಲಿನ ಕಥೆಯನ್ನು ಪೂರ್ಣವಾಗಿ ಹೇಳಿದರೆ ಸೋಲಿಸಿದವರ ಹೆಸರೂ ಹೊರಬೀಳುವದು. ೧೯೨೨ರ ಸುಮಾರಿಗೆ ರಾಷ್ಟ್ರಸಂಘದಲ್ಲಿ ಈ ಭಾಷೆಯನ್ನು ಶಾಲೆಗಳಲ್ಲಿ ಕಲಿಸುವ ವಿಚಾರವು ಬಂದಾಗ ಅದನ್ನು ತಡೆದವರಲ್ಲಿ ಮುಂದಾಳುಗಳು ಫ್ರಾನ್ಸಿನ ಪ್ರತಿನಿಧಿಗಳು. ಆಗ ಲೋಕಭಾಷೆಯ ಪಟ್ಟದಲ್ಲಿದ್ದದ್ದು ಫ್ರೆಂಚ. ಅದೇ ವರ್ಷ ಫ್ರಾನ್ಸಿನ ಶಿಕ್ಷಣಮಂತ್ರಿಯು ತನ್ನ ದೇಶದ ಶಾಲೆಗಳಲ್ಲಿ ಎಸ್ಪೆರಾಂತೋವನ್ನು ಕಲಿಸಕೂಡದೆಂದು ಆಜ್ಞೆಯಿತ್ತನು. ಮುಂದೆ ಹಿಟ್ಲರನ ಆಳಿಕೆಯಲ್ಲಿ ಎಸ್ಪೆರಾಂತೋ ಸಂಘಗಳು ಮುಚ್ಚಲ್ಪಟ್ಟವು. ಸ್ಟಾಲಿನನ ಆಳಿಕೆಯಲ್ಲಿ ೧೯೩೭–೩೮ರಲ್ಲಿ ಅದನ್ನಾಡುವವರು ಸೆರೆಮನೆಗೂ ಸಾವಿಗೂ ಗುರಿಯಾದರು. ಜಾಮೆನ್‌ಹೋಫನ ಮೂವರು ಮಕ್ಕಳೂ, ಅದಾಮ, ಸೋಫಿಯಾ, ಲೀದಿಯಾ, ನಾಜಿಗಳ ಕೈಯಲ್ಲಿ ಹತರಾದರು. ಹಿಂಸೆಗೊಳಗಾದುದೆಲ್ಲವೂ ಸತ್ಯವೆಂಬ ನಿಯಮವಿಲ್ಲ. ಆದರೆ ಕಾಲು ಕಡಿದವನನ್ನು ಓಟದಲ್ಲಿ ಹಿಂದೆ ಬಿದ್ದನೆಂದು ಹೀಯಾಳಿಸುವದು ಮನುಷ್ಯತ್ವವಲ್ಲ. ಇಷ್ಟಾದ ಮೇಲೆಯೂ ೧೯೫೪ರಲ್ಲಿ ಯುನೆಸ್ಕೋ ಸಂಸ್ಥೆಯು ಮೊಂತೆವಿದೇಯೋ ನಗರದ ಅಧಿವೇಶನದಲ್ಲಿ ಆ ಭಾಷೆಯ ಸಾಧನೆಯನ್ನು ಮನ್ನಿಸಿ ನಿರ್ಣಯ ಕೈಕೊಂಡಿತು. ಅದಕ್ಕಿಂತ ಮುಂಚೆ, ೧೮೮೦ರ ಸುಮಾರಿಗೆ ಹುಟ್ಟಿ ಗದ್ದಲವೆಬ್ಬಿಸಿದ ವೊಲಾಪ್ಯೂಕ್ ಎಂಬ ಕೃತಕ ಭಾಷೆಯು ಕೆಲವೇ ವರ್ಷಗಳಲ್ಲಿ ಕುಸಿಯಿತು. ಅದು ಸೋತದ್ದು, ಇದು ಗೆಲ್ಲದೆ ಉಳಿದದ್ದು. ಇವೆರಡರ ಅಂತರವು ದೊಡ್ಡದು.

ಕೊನೆಯದು, ‘ಇಂಗ್ಲಿಷು ಇರುವಾಗ ಇದೇಕೆ?’ ಎಂಬ ಪ್ರಶ್ನೆ. ಇಲ್ಲಿಯೇ ಕನ್ನಡಿಗನು ಎಚ್ಚರಗೊಳ್ಳಬೇಕು. ಈ ಪ್ರಶ್ನೆಯ ಒಡಲಲ್ಲಿರುವ ತರ್ಕವಾವುದು? ದೊಡ್ಡದು ಇರುವಾಗ ಸಣ್ಣದು ಬೇಡ. ಹೊಟ್ಟೆ ಹೊರೆಯುವ ಭಾಷೆಯಿರುವಾಗ ಮನಸ್ಸಿಗೊಪ್ಪುವ ಭಾಷೆ ಬೇಡ ಎಂಬುದೇ. ಈ ತರ್ಕವು ಎಸ್ಪೆರಾಂತೋವಿನ ಬಾಗಿಲಲ್ಲಿ ನಿಲ್ಲುವ ಜಾತಿಯದಲ್ಲ. ಒಂದು ಕಾಲಕ್ಕೆ ‘ಮರಾಠಿ ಇರುವಾಗ ಕನ್ನಡವೇಕೆ’ ಎಂದಿತು. ಇಂದು ‘ಇಂಗ್ಲಿಷು ಇರುವಾಗ ಕನ್ನಡ ಶಾಲೆಯೇಕೆ’ ಎನ್ನುತ್ತಿದೆ. ಮಾತೃಭಾಷೆಯ ಮಾಧ್ಯಮವನ್ನು ರಾಜ್ಯವು ಕಡ್ಡಾಯಮಾಡಲಾಗದೆಂದು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ೨೦೧೯ರಲ್ಲಿ ಕರ್ನಾಟಕ ಸರಕಾರವೇ ಸಾವಿರ ಸರಕಾರೀ ಶಾಲೆಗಳಲ್ಲಿ ಇಂಗ್ಲಿಷ ಮಾಧ್ಯಮದ ತರಗತಿಗಳನ್ನು ತೆರೆಯಿಸಹೊರಟಿತು. ತಂದೆತಾಯಿಯರ ಅವಸರವೂ ಸುಳ್ಳಲ್ಲ. ಅನ್ನದ ಭಾಷೆಯನ್ನು ಬೇಡವೆನ್ನುವ ಅಧಿಕಾರವು ಯಾರಿಗೂ ಇಲ್ಲ. ಆದರೆ ಎಸ್ಪೆರಾಂತೋವನ್ನು ನಿರುಪಯೋಗವೆಂದು ಹೊಡೆಯುವ ಬಡಿಗೆಯನ್ನು ಎತ್ತಿದವನು ಅದೇ ಬಡಿಗೆಯು ನಾಳೆ ಯಾರ ಬೆನ್ನ ಮೇಲೆ ಬೀಳುವದೆಂಬುದನ್ನು ಲೆಕ್ಕ ಹಾಕಬೇಕು.

ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯ ಜಾತ್ರೆಗೆ ಬರುವ ಲಕ್ಷಾಂತರ ಜನರಲ್ಲಿ ಕನ್ನಡಿಗರು, ಮರಾಠರು, ತೆಲುಗರು ಎಲ್ಲರೂ ಉಂಟು. ‘ಉಧೋ ಉಧೋ’ ಎಂಬ ಘೋಷವು ಎಲ್ಲರದು; ತೆಂಗಿನಕಾಯಿ ಭಂಡಾರಗಳ ವ್ಯಾಪಾರವು ಅರ್ಧ ಆ ಮಾತು, ಅರ್ಧ ಈ ಮಾತಿನಲ್ಲಿ ಸಾಗುತ್ತದೆ. ಇದನ್ನೇ ತೋರಿಸಿ, ಬೇಕಾದಲ್ಲಿ ಸಾಮಾನ್ಯ ಭಾಷೆಯು ತಾನೇ ಹುಟ್ಟುವದು, ಕಟ್ಟಬೇಕಾದುದಿಲ್ಲ ಎಂದು ವಾದಿಸುವವರಿದ್ದಾರೆ. ಸಂತೆಯಲ್ಲಿ ಹುಟ್ಟುವದು ಹೌದು. ಆದರೆ ಸಂತೆಯಿಂದ ಕಚೇರಿಗೆ, ಕಚೇರಿಯಿಂದ ನ್ಯಾಯಾಲಯಕ್ಕೆ ಏರಿದಂತೆ ಅರ್ಧಕ್ಕರ್ಧದ ಸಮತೆಯು ಕರಗುತ್ತ ಹೋಗಿ, ಬಲವುಳ್ಳವನ ಭಾಷೆಯೊಂದೇ ಉಳಿಯುವದು. ಕಲಿಯುವ ಕಷ್ಟವೆಲ್ಲ ಬಲವಿಲ್ಲದವನ ಪಾಲಿಗೆ ಬೀಳುವದು. ಜಾಮೆನ್‌ಹೋಫನು ಬ್ಯಾಲಿಸ್ತೋಕಿನಲ್ಲಿ ಕಂಡದ್ದೂ ಇದನ್ನೇ. ಅವನು ಸೂಚಿಸಿದ ಮದ್ದು ಸರಿಯೋ ತಪ್ಪೋ, ಅವನು ಗುರುತಿಸಿದ ರೋಗವು ದಿಟವಾದುದು.

ಇನ್ನು ಎಸ್ಪೆರಾಂತೋ ಅಭಿಮಾನಿಗಳ ಪ್ರತಿವಾದದ ರೀತಿಯನ್ನು ಕುರಿತು ಕೆಲವು ಮಾತು. ಅವರಲ್ಲಿ ಕೆಲವರು ಖಂಡಿಸಿದವನನ್ನೆಲ್ಲ ಇಂಗ್ಲಿಷಿನ ಗುಲಾಮನೆಂದು ಜರೆಯುವರು. ಇದು ಉತ್ತರವಲ್ಲ, ಕೋಪ. ಕೆಲವರು ಈ ಭಾಷೆಯು ಬಂದೊಡನೆ ಯುದ್ಧಗಳು ನಿಲ್ಲುವವೆಂದು ಸಾರುವರು. ಒಂದೇ ಭಾಷೆಯನ್ನಾಡಿದ ಕೌರವ ಪಾಂಡವರ ಕಥೆಯನ್ನು ಬಲ್ಲ ದೇಶದಲ್ಲಿ ಈ ಮಾತು ನಗೆಪಾಟಲು. ಕೆಲವರು ಭಾಷೆಯಲ್ಲಿ ದೋಷವೇ ಇಲ್ಲವೆಂದು ಹಟ ಹಿಡಿಯುವರು. ದೋಷವಿಲ್ಲದ ಭಾಷೆಯನ್ನು ಯಾರೂ ಪ್ರೀತಿಸಿದ್ದಿಲ್ಲ. ಇವರ ನಡುವೆ ವಿವೇಕಿಗಳೂ ಉಂಟು. ೧೯೮೦ರಲ್ಲಿ ಫಿನ್‌ಲಂಡಿನ ರೌಮಾ ಎಂಬಲ್ಲಿ ನೆರೆದ ತರುಣರು, ಇಂಗ್ಲಿಷಿನ ಸಿಂಹಾಸನವನ್ನೇರುವದು ತಮ್ಮ ಗುರಿಯಲ್ಲ, ತಾವು ತಾವಾಗಿ ಆಯ್ದುಕೊಂಡ ನುಡಿಯ ಒಂದು ಸಣ್ಣ ಸಮುದಾಯವೆಂದು ತಿಳಿದು ಅದರ ಸಂಸ್ಕೃತಿಯನ್ನು ಬೆಳೆಯಿಸುವದೇ ಕರ್ತವ್ಯ ಎಂಬ ಅರ್ಥದ ಹೇಳಿಕೆಯನ್ನು ಹೊರಡಿಸಿದರು. ದಿಗ್ವಿಜಯದ ಕನಸನ್ನು ಬಿಟ್ಟು ಮನೆಯನ್ನು ಒಪ್ಪವಾಗಿಡಲು ಹೊರಟವನನ್ನು ನಗುವದು ಕಷ್ಟ.

ಈ ಮಾರ್ಗದಲ್ಲಿ ಕನ್ನಡನಾಡಿನ ಎಸ್ಪೆರಾಂತೋಜ್ಞರಿಗೆ ಒಂದು ಕೆಲಸವು ಕಾದಿದೆ. ಕನ್ನಡದ ವಚನಗಳಾಗಲಿ, ಕಥೆಗಳಾಗಲಿ ಪರದೇಶಕ್ಕೆ ಹೋಗಬೇಕಾದರೆ ಬಹುತೇಕ ಇಂಗ್ಲಿಷಿನ ಸುಂಕದ ಕಟ್ಟೆಯನ್ನು ದಾಟಿಯೇ ಹೋಗಬೇಕಾಗಿದೆ. ಅಲ್ಲಿ ಅವುಗಳ ಅರ್ಧ ಸರಕು ಸುರಿದುಹೋಗುವದು. ವಿಭಕ್ತಿಗಳುಳ್ಳ, ಪ್ರತ್ಯಯಗಳಿಂದ ಪದ ಕಟ್ಟುವ, ಪದಗಳ ಕ್ರಮವನ್ನು ಸಡಿಲಬಿಡುವ ಈ ನುಡಿಗೆ ಕನ್ನಡದಿಂದ ನೇರವಾ­ಗಿ ಹತ್ತು ಒಳ್ಳೆಯ ಪುಸ್ತಕಗಳನ್ನು ತಿರುಗಿಸಿದರೆ, ಆ ಹತ್ತು ಪುಸ್ತಕಗಳು ನೂರು ಪ್ರತಿವಾದಗಳ ಕೆಲಸವನ್ನು ಮಾಡುವವು. ಚನ್ನಬಸಪ್ಪನವರು ವಾದದಲ್ಲಿ ಗೆದ್ದುದರಿಂದ ಬೆಳಗಾವಿ ಸೀಮೆಯಲ್ಲಿ ಕನ್ನಡವು ಉಳಿಯಲಿಲ್ಲ. ಶಾಲೆಯನ್ನು ತೆರೆದು, ಪುಸ್ತಕವನ್ನು ಮಗುವಿನ ಕೈಗಿಟ್ಟುದರಿಂದ ಉಳಿಯಿತು.

ಖಂಡನಕಾರರಿಗಾದರೋ ಹೇಳತಕ್ಕದ್ದು ಇಷ್ಟೇ. ಎಸ್ಪೆರಾಂತೋವನ್ನು ಕಲಿಯಬೇಕೆಂಬ ಬಲವಂತವು ಯಾರ ಮೇಲೂ ಇಲ್ಲ. ಅದನ್ನು ಕಲಿಯದೆಯೂ ಮನುಷ್ಯನು ಸುಸಂಸ್ಕೃತನಾಗಬಲ್ಲನು. ಅದರ ಶಬ್ದಗಳನ್ನು, ನಿಯಮಗಳನ್ನು, ಅದರ ಅಭಿಮಾನಿಗಳ ಅತಿಶಯೋಕ್ತಿಗಳನ್ನು ಖಂಡಿಸುವ ಹಕ್ಕು ಎಲ್ಲರಿಗೂ ಉಂಟು. ಆದರೆ ‘ಕಟ್ಟಿದ್ದು’, ‘ಸಣ್ಣದು’, ‘ಲಾಭವಿಲ್ಲದ್ದು’ ಎಂಬ ಮೂರು ಶಬ್ದಗಳಿಂದ ಒಂದು ನುಡಿಯನ್ನು ತಳ್ಳಿಹಾಕುವವನು ಕನ್ನಡಿಗನಾಗಿದ್ದರೆ, ಆ ಮೂರು ಶಬ್ದಗಳನ್ನು ಮೊದಲು ತನ್ನ ಮಗುವಿನ ಕನ್ನಡ ಪುಸ್ತಕದ ಮೇಲೆ ಬರೆದು ನೋಡಲಿ. ಕೈ ನಡುಗದಿದ್ದರೆ ಆಮೇಲೆ ಪರರ ಪುಸ್ತಕದ ಮೇಲೆ ಬರೆಯಲಿ.